ಎರಡನೇ ಚರಣದಲ್ಲಿ ನೀನು ಮಾಡಿದ ಕೆಲಸ

ಮನೆಯಿಂದ,
ಮಾರ್ಚ್ ೯, ಭಾನುವಾರ

ನನ್ನ ಹಿರಿಸೊಸೆಗೆ ಆಶೀರ್ವಾದಗಳು.

ನಿನ್ನ ತಂದೆಯ ಕಾಲಿನ ಮೂಳೆ ಕೂಡಿಕೊಳ್ಳುತ್ತಿದೆಯೇ? ಅವರನ್ನು ಬೇಗ ನಡೆಸಬೇಡ, ಗಂಡಸರಿಗೆ ಆತುರ ಜಾಸ್ತಿ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ಎಲ್ಲರೂ ಕ್ಷೇಮ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿದೆ. ಜ್ವರವಲ್ಲ, ನಿನ್ನ ಮೇಲಿನ ಸಿಟ್ಟು.

ಪ್ರತಿ ಕಾರ್ಯಕ್ರಮದಲ್ಲೂ ನನ್ನ ಹಿಂದೆ ಕೂತು ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತಿ ನೀನು ಹಿಡಿಯುತ್ತಿದ್ದ ಕಾರ್ಡ್‌ಗಳನ್ನೆಲ್ಲ ತವರಿಗೆ ಹೊರಡುವ ಮುಂಚೆ ಕೀಬೋರ್ಡಿನ ಸೀಕ್ವೆನ್ಸರಿಗೆ ಸಾಲಾಗಿ ತುಂಬಿಸಿಟ್ಟೆ. “ಅತ್ತೆ, ಇವರು ಗುಂಡಿ ಒತ್ತಿದರೆ ಸಾಕು, ಡ್ರಮ್ಮು, ಬೇಸು ಎಲ್ಲ ಅದೇ ನುಡಿಸ್ಕೊಂಡು ಹೋಗುತ್ತೆ, ನೀವು ಹಾಡಿ” ಅಂದೆ. ನಿನ್ನ ಗಂಡನೂ ತಲೆಯಾಡಿಸಿದ. ಅವನಿಗೆ ಬಲಗೈಯಲ್ಲಿ ರಾಗ ನುಡಿಸುವುದು ಬಿಟ್ಟು ಬೇರೇನು ಬರುತ್ತದೆ? ಎಡಗೈ ಇರುವುದು ಮೂಗು ಕೆರೆಯಲು.

ನಿನ್ನೆ ಶಾಲೆಯ ಹೆಡ್‌ಮಿಸ್ ಅವರ ಬೀಳ್ಕೊಡುಗೆ. ಕೂರಲು ಜಾಗವಿರಲಿಲ್ಲ. ಯಂತ್ರ ಯಾರಿಗೂ ಕಾಯುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ಹೈಸ್ಕೂಲು ಓದಿದವಳು ನಾನು. ಅದಕ್ಕೇ ಎರಡನೇ ಚರಣದ ಉದ್ದ ಸಾಲಿಗೆ ಎದೆ ತುಂಬ ಗಾಳಿ ಎಳೆದುಕೊಂಡು, ಎಲ್ಲೂ ನಿಲ್ಲದೆ ಹಾಡಿ ಮುಂದಿನ ಸಾಲಿಗೆ ಕಾಲಿಟ್ಟೆ. ನೋಡಿದರೆ ನಿನ್ನ ಪೆಟ್ಟಿಗೆ ಇನ್ನೂ ಹಿಂದಿನ ಸಾಲಿನ ಕಾರ್ಡಿನಲ್ಲೇ ಕಾಲು ಚಾಚಿ ಕೂತಿದೆ! ನಾನೊಂದು ಕಡೆ, ಅದೊಂದು ಕಡೆ, ನಿನ್ನ ಗಂಡನ ಬಲಗೈ ಎಲ್ಲೂ ಇಲ್ಲ. ಎದುರು ಕೂತವರು ಮುಖ ಮುಖ ನೋಡಿಕೊಂಡರು. ವೇದಿಕೆ ಇಳಿದ ತಕ್ಷಣ ನನ್ನ ತಂಗಿ, ನಿನ್ನ ಮೆಚ್ಚಿನ ಚಿಕ್ಕತ್ತೆ, “ಅಕ್ಕಾ, ಆ ಪೆಟ್ಟಿಗೆಗೆ ನಿನಗಿಂತ ತಾಳ್ಮೆ ಜಾಸ್ತಿ. ಬರೋ ಶನಿವಾರದ ಕಾರ್ಯಕ್ರಮದಲ್ಲಿ ನಾನೇ ಹಾಡ್ತೀನಿ, ನೀನು ಕೂತು ಕೇಳು” ಅಂದಳು. ಅವಳು ಬಾಯಿ ತೆರೆದರೆ ಗೋಡೆಯ ಸುಣ್ಣ ಉದುರುತ್ತದೆ, ಅವಳು ಹಾಡುತ್ತಾಳಂತೆ!

ಮನೆಗೆ ಬಂದು ನಿನ್ನ ಗಂಡನಿಗೆ, ಅದರ ಪರದೆ ತೆರೆದು ತೋರಿಸು ಎಂದೆ. ಆ ಸಾಲಿನ ಕೊನೆಗೆ ಒಂದು ಬಾರ್, ಅಂದರೆ ಪೂರ್ತಿ ನಾಲ್ಕು ಎಣಿಕೆ, ಹೆಚ್ಚಿಗೆ ಇತ್ತು. ಕೈತಪ್ಪಿ ಬಂದಿರಬೇಕು ಎಂದು ನಿನ್ನನ್ನು ಕ್ಷಮಿಸಲು ಸಿದ್ಧಳಾಗಿದ್ದೆ. ಅಷ್ಟರಲ್ಲಿ ಆ ಪುಣ್ಯಾತ್ಮ, “ತಪ್ಪಲ್ಲಮ್ಮಾ, ನೀನು ಉಸಿರು ತಗೊಳ್ಳೋ ಜಾಗ ಅದು. ಅವಳು ಯಾವಾಗಲೂ ಅಲ್ಲಿ ಕಾಯ್ತಾಳೆ” ಎಂದ. ಯಾವಾಗಲೂ! ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಕೂತು ನೀನು ಮಾಡುತ್ತಿದ್ದದ್ದು ಇದನ್ನೇ? ನನಗೆ ಉಸಿರು ಸಾಲದೆಂದು ನಿನಗೆ ಹೇಳಿದವರು ಯಾರು? ನೀನು ಕಾದದ್ದು ಸಾಲದೆ ಯಂತ್ರಕ್ಕೂ ಅದನ್ನು ಹೇಳಿಕೊಡಬೇಕಿತ್ತೇ? ಈಗಲೇ ಅಳಿಸು ಎಂದೆ. ಅಳಿಸಿದ.

ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ಸಿಟ್ಟಿನಲ್ಲೇ ಹರಸುತ್ತಿದ್ದೇನೆ, ಚೆನ್ನಾಗಿರು.

ಇಂತಿ,
ನಿನ್ನ ಅತ್ತೆ

ತಾ.ಕ.: ಬಾಗಿಲು ಹಾಕಿಕೊಂಡು, ಗುಂಡಿ ಒತ್ತಿ ಹಾಡಿ ನೋಡಿದೆ. ಸಭೆಯಲ್ಲಿ ಹಠಕ್ಕೆ ಬಂದ ಉಸಿರು ಮನೆಯಲ್ಲಿ ಬರಲಿಲ್ಲ. ಅಳಿಸಿದ್ದನ್ನು ಮತ್ತೆ ಸೇರಿಸು ಎಂದು ನಿನ್ನ ಗಂಡನ ಮುಂದೆ ಬಾಯಿ ಬಿಡಲಾರೆ. ಯಾವ ಗುಂಡಿ ಆದಮೇಲೆ ಯಾವುದು ಒತ್ತಬೇಕೆಂದು ಬಿಡಿಸಿ ಬರೆದು ನನ್ನ ಹೆಸರಿಗೇ ಕಳಿಸು, ಶನಿವಾರದೊಳಗೆ ಸಿಗಬೇಕು. ಒಂದರ ಬದಲು ಎರಡು ಬಾರ್ ಸೇರಿಸಬಹುದಾದರೆ ಅದನ್ನೂ ಬರೆ.