ಚೊಂಬಿನ ಮೇಲಿನ ಹೆಸರು

ಕೋನಪ್ಪನ ಅಗ್ರಹಾರ
ಸೋಮವಾರ, 18-7-1983

ಯಜಮಾನರಿಗೆ ನಮಸ್ಕಾರಗಳು.

ನಾನು ಇಲ್ಲಿ ನಾಣಿ ಅಣ್ಣನ ಮನೆಯಲ್ಲಿ ಆರೋಗ್ಯವಾಗಿದ್ದೇನೆ. ಅಣ್ಣ ಅತ್ತಿಗೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ನೀವು ಹೇಗಿದ್ದೀರಿ ಎನ್ನುವುದು ನಿಮ್ಮ ಕಾಗದದಿಂದ ತಿಳಿಯಲಿಲ್ಲ, ಅದರಲ್ಲಿ ಇದ್ದದ್ದೆಲ್ಲ ಚೊಂಬಿನ ಕ್ಷೇಮ ಸಮಾಚಾರ. 'ಮುಂದಿನ ವಾರ ಅಮ್ಮನ ತಿಥಿ, ಅಷ್ಟರೊಳಗೆ ಬಂದುಬಿಡು. ಅಮ್ಮನ ಹೆಸರಿರುವ ಹಿತ್ತಾಳೆ ಚೊಂಬು ಕಾಣಿಸುತ್ತಿಲ್ಲ. ಈ ಸಲ ಅದನ್ನೇ ಪುರೋಹಿತರಿಗೆ ದಾನ ಕೊಡಬೇಕೆಂದಿದ್ದೇನೆ, ಎಲ್ಲಿಟ್ಟಿದ್ದೀಯೆ ತಿಳಿಸು' ಎಂದು ಬರೆದಿದ್ದೀರಿ. ಕೊನೆಯಲ್ಲಿ ಒಂದೇ ಒಂದು ಸಾಲು ನನಗಾಗಿ: ಇಷ್ಟಕ್ಕೂ ನಾನು ಮಾಡಿದ ತಪ್ಪೇನು?

ಆ ಸಾಲಿಗೆ ಉತ್ತರ ಬರೆಯುವುದಕ್ಕೇ ಕೂತಿದ್ದೇನೆ. ಎದುರಿಗೆ ನಿಂತು ಹೇಳಲು ಹೊರಟರೆ ನೀವು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಲು ಶುರು ಮಾಡುತ್ತೀರಿ, ನನ್ನ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಕಾಗದದಲ್ಲಾದರೆ ನೀವು ಕನ್ನಡಕ ಹಾಕಿಕೊಂಡೇ ಇರಬೇಕಾಗುತ್ತದೆ. ಬೀರು ಹುಡುಕಬೇಡಿ. ಚೊಂಬು ನನ್ನ ಹತ್ತಿರ ಇದೆ, ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದೇನೆ. ಅದನ್ನು ದಾನ ಕೊಡುವ ಹಾಗಿಲ್ಲ. ಯಾಕೆ ಎನ್ನುವುದನ್ನು ಪೂರ್ತಿ ಓದಿ. ಓದಿದ ಮೇಲೂ ಕೊಡಲೇಬೇಕು ಎನ್ನಿಸಿದರೆ ನಾನು ತಿಥಿಗೂ ಬರುವುದಿಲ್ಲ, ಆಮೇಲೂ ಬರುವುದಿಲ್ಲ.

ನಾನು ವಾಸಂತಿಯ ಬಾಣಂತನ ಮುಗಿಸಿಕೊಂಡು ಮೈಸೂರಿನಿಂದ ಬಂದ ದಿನದಿಂದಲೇ ಹೇಳುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ಕಣ್ಣು ಮುಚ್ಚಿಕೋ ಎಂದಿರಿ. ಮದುವೆಯಾದಾಗಿನಿಂದ ನೀವು ಅಂಥ ಮಾತು ಆಡಿದವರಲ್ಲ. ಕಣ್ಣು ಬಿಟ್ಟು ನೋಡಿದರೆ ನಡುಮನೆಯಲ್ಲಿ ಫ್ಯಾಕ್ಟರಿಯ ಪ್ಯಾಕಿಂಗ್ ಮರದಲ್ಲಿ ಮಾಡಿಸಿದ ಷೋಕೇಸು, ಅದರ ತುಂಬಾ ಬೆಳ್ಳಗೆ ಥಳಥಳ ಎನ್ನುವ ಪಾತ್ರೆಗಳು. ಯಾರ ಮನೆಯದು ಎಂದು ಕೇಳಿದೆ. ನೀವು ನಕ್ಕಿರಿ. ಆ ಶಾವಿಗೆ ಒರಳಿನ ಮುರಿದ ಹಿಡಿ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು, ಅವು ನನ್ನವೇ ಎಂದು.

ನಾನಿಲ್ಲದಾಗ ಅಟ್ಟದ ಮೇಲಿನಿಂದ, ಮಂಚದ ಕೆಳಗಿನಿಂದ, ಬಚ್ಚಲ ಮೂಲೆಯಿಂದ ಒಂದನ್ನೂ ಬಿಡದೆ ತೆಗೆದು, ಗೋಣಿಚೀಲಕ್ಕೆ ತುಂಬಿ, ರಾಮಾಂಜಿನಪ್ಪನ ಟೆಂಪೋದಲ್ಲಿ ಪೀಣ್ಯಕ್ಕೆ ಕಳಿಸಿದ್ದಿರಿ. ರಾಮಾಂಜಿನಪ್ಪ ನಿಮ್ಮ ಕೈಕೆಳಗೆ ಪಳಗಿ ಈಗ ಸ್ವಂತ ಪ್ಲೇಟಿಂಗ್ ಶೆಡ್ಡು ಹಾಕಿಕೊಂಡವನು, ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಸ್ಕೂಟರ್ ಹ್ಯಾಂಡಲ್ಲಿಗೆ ನಿಕಲ್ ಹಾಕುವ ತೊಟ್ಟಿಯಲ್ಲಿ ನನ್ನ ಬೋಗುಣಿಗಳನ್ನೂ ಅದ್ದಿದ. ಅದನ್ನಾದರೂ ಸಹಿಸಬಹುದಿತ್ತು. ಅದ್ದುವುದಕ್ಕೆ ಮುಂಚೆ ಬಫ್ ಹೊಡೆದು ಮೇಲ್ಮೈಯನ್ನೇ ಸವೆಸುತ್ತಾರಂತಲ್ಲ, ಅದನ್ನು ನೀವೇ ಹೆಮ್ಮೆಯಿಂದ ವಿವರಿಸಿದಿರಿ. 'ಒಂದೇ ಒಂದು ಗೀರು ಉಳಿದಿಲ್ಲ ನೋಡು, ಹಳೇ ಗೀರೆಲ್ಲ ಹೋಗೋ ಹಾಗೆ ಉಜ್ಜಿಸಿದೀನಿ' ಎಂದಿರಿ.

ಆ ಗೀರುಗಳು ಹೆಸರುಗಳಾಗಿದ್ದವು.

ನಾನು ಕೂಗಾಡಬೇಕಿತ್ತು. ಆದರೆ ಪಕ್ಕದ ಮನೆ ಶ್ಯಾಮಣ್ಣನವರ ಹೆಂಡತಿ ಆಗಲೇ ಬಂದು ನಿಂತಿದ್ದರು. 'ಸ್ಟೀಲಿಗಿಂತ ಚೆನ್ನಾಗಿ ಹೊಳೀತಿವೆ ಕಣ್ರೀ, ನಿಮ್ಮ ಯಜಮಾನ್ರಿಗೆ ಎಷ್ಟು ಅಕ್ಕರೆ' ಎಂದರು. ಅಕ್ಕರೆ ಇದ್ದದ್ದು ನಿಜವೇ. ನನ್ನ ಕಷ್ಟವೂ ಅದೇ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ನಾಲ್ಕು ಮಾತು ಬೈದು ಹಗುರವಾಗಬಹುದಿತ್ತು. ರಜಾ ಹಾಕಿ, ಷೋಕೇಸಿಗೆ ನೀವೇ ಮೊಳೆ ಹೊಡೆದು, ಬೆರಳು ಜಜ್ಜಿಕೊಂಡು ಕಾದಿದ್ದವರನ್ನು ಬೈಯುವುದು ಹೇಗೆ? ಕಾಫಿ ಮಾಡಿಕೊಟ್ಟೆ. ಷೋಕೇಸಿಗೆ ಬೆನ್ನು ಮಾಡಿ ಕೂತೆ, ಪ್ರಯಾಣದ ಆಯಾಸ ಎಂದುಕೊಂಡಿರಿ.

ನನ್ನ ಪಾತ್ರೆ ಹುಚ್ಚು ಎಂದು ಎಲ್ಲರೆದುರಿಗೆ ನಗುತ್ತೀರಲ್ಲ, ಆ ಹುಚ್ಚು ಹೇಗೆ ಹತ್ತಿತು ಎಂದು ನೀವು ಕೇಳಿದ್ದೇ ಇಲ್ಲ. ನಮ್ಮ ಜಾಲಹಳ್ಳಿ ಕ್ವಾರ್ಟರ್ಸಿಗೆ ಸ್ಟೀಲು ಕಾಲಿಟ್ಟ ಕಾಲ ನೆನಪಿದೆಯೇ? ಅಶ್ವತ್ಥಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದಳು. ಹಿತ್ತಾಳೆ ಕೊಟ್ಟರೆ ಸ್ಟೀಲು. ಕಲಾಯಿ ಹಾಕಿಸುವ ಗೋಳಿಲ್ಲ, ಹುಣಿಸೆಹಣ್ಣು ಹಾಕಿ ತಿಕ್ಕುವ ಗೋಳಿಲ್ಲ ಎಂದು ಸಾಲುಮನೆಯವರೆಲ್ಲ ಮುಗಿಬಿದ್ದರು. ನಾನು ನೀರಿನ ಸರದಿಗೆ ಹೋಗಿದ್ದಾಗ ಅತ್ತೆ ನನ್ನ ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಪಾತ್ರೆಗಳನ್ನು ಹಾಕಿ ಸ್ಟೀಲು ತೆಗೆದುಕೊಂಡರು. ಮನೆಗೆ ಒಳ್ಳೆಯದು ಎಂದೇ ಮಾಡಿದ್ದು, ಆ ವಿಷಯಕ್ಕೆ ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಚೊಂಬು ಮಾತ್ರ ಉಳಿಯಿತು. ಕಂಠ ನೆಗ್ಗಿದೆ, ತೂಕಕ್ಕೆ ಬರುವುದಿಲ್ಲ ಎಂದು ಅಶ್ವತ್ಥಮ್ಮ ಬಿಟ್ಟುಹೋಗಿದ್ದಳು.

ಮುಂದಿನ ವಾರ ಅವಳ ಸೆರಗು ಹಿಡಿದು ನಿಲ್ಲಿಸಿ ಕೇಳಿದೆ. 'ಅವು ಆಗ್ಲೇ ಪೀಣ್ಯಕ್ಕೆ ಓದ್ವಲ್ಲಮ್ಮ, ಕರಗ್ಸಿ ನಲ್ಲಿ ಮಾಡ್ತಾರೆ. ನಿನ್ ಪಾತ್ರೆ ಈಗ ಯಾರ್ದೋ ಮನೇಲಿ ನಲ್ಲಿಯಾಗಿ ನೀರು ಸುರಿಸ್ತಾ ಇರ್ತದೆ' ಎಂದಳು. ನನಗೆ ಅಳು ಬಂತು, ಅವಳಿಗೆ ಅಯ್ಯೋ ಎನ್ನಿಸಿತು. ಅವತ್ತಿನಿಂದ ಒಂದು ಒಪ್ಪಂದ: ಬುಟ್ಟಿಗೆ ಬಿದ್ದ ಹಳೆಯದನ್ನು ಗುಜರಿಗೆ ಹಾಕುವ ಮೊದಲು ನನಗೆ ತೋರಿಸಿ ಹೋಗಬೇಕು. ಊರೆಲ್ಲ ಹಿತ್ತಾಳೆ ಕೊಟ್ಟು ಸ್ಟೀಲು ತೆಗೆದುಕೊಂಡರೆ ನಾನು ಸ್ಟೀಲು ಕೊಟ್ಟು ಹಿತ್ತಾಳೆ ತೆಗೆದುಕೊಂಡೆ. ನಿಮ್ಮ ಟಿಫನ್ ಕ್ಯಾರಿಯರ್ ಬಸ್ಸಿನಲ್ಲಿ ಕಳೆದುಹೋಗಲಿಲ್ಲ. ಅದಕ್ಕೆ ಬದಲಾಗಿ ಬಂದದ್ದೇ ಆ ಕಂಚಿನ ಸಾರಿನ ಪಾತ್ರೆ, ನೀವು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದ ಸಾರಿಗೆ ಅದರದ್ದೇ ರುಚಿ.

ಮೊದಮೊದಲು ಚೆಂದ ನೋಡಿ ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಹೆಸರು ನೋಡಿ. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು, ಕೆಲವು ಸವೆದು ಬೆರಳಿಗಷ್ಟೇ ಸಿಗುತ್ತಿದ್ದವು. ನಾಗವೇಣಿ. ರುಕ್ಮಿಣಿಯ ಸೀಮಂತಕ್ಕೆ ಚಿಕ್ಕಮ್ಮನಿಂದ. ಲಲಿತೆಗೆ ಅಜ್ಜಿಯ ಆಶೀರ್ವಾದ. ಒಂದರ ಮೇಲೆ ಬರೀ ತುಂಗಾ ಎಂದಿತ್ತು, ಕೆತ್ತುವವನಿಗೆ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ, ಗಾ ತಲೆಕೆಳಗಾಗಿತ್ತು. ಇವರು ಯಾರು, ಇದ್ದಾರೋ ಇಲ್ಲವೋ, ಯಾಕೆ ಬುಟ್ಟಿಗೆ ಹಾಕಿದರು, ಅಥವಾ ಅವರಿಲ್ಲದ ಮೇಲೆ ಸೊಸೆಯಂದಿರು ಹಾಕಿದರೋ, ಒಂದೂ ತಿಳಿಯದು. ಇವತ್ತು ನಾಗವೇಣಿಯಲ್ಲಿ ಹುಳಿ, ರುಕ್ಮಿಣಿಯಲ್ಲಿ ಪಾಯಸ ಎಂದು ನಾನು ಹೇಳಿದರೆ ನೀವು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ಹಗಲೆಲ್ಲ ಒಬ್ಬಳೇ ಇರುವ ಮನೆಯಲ್ಲಿ ಆ ಹೆಸರುಗಳನ್ನು ಬಾಯಿಬಿಟ್ಟು ಕರೆಯುವುದು ನನಗೆ ಹಿತವಾಗಿತ್ತು. ಈಗ ಷೋಕೇಸಿನಲ್ಲಿ ಯಾರೂ ಇಲ್ಲ. ಬಾಗಿ ನೋಡಿದರೆ ನನ್ನ ಮುಖವೇ ಸೊಟ್ಟಗೆ ಕಾಣುತ್ತದೆ.

ಇಷ್ಟಕ್ಕೇ ಮನೆ ಬಿಟ್ಟು ಬಂದೆ ಎಂದು ತಿಳಿಯಬೇಡಿ. ಇಷ್ಟನ್ನು ನಾನು ನುಂಗಿಕೊಳ್ಳುತ್ತಿದ್ದೆ, ನನಗೆ ಅಭ್ಯಾಸವಿದೆ. ಮಾರನೆಯ ದಿನ ಬೆಳಿಗ್ಗೆ ನೀವು ಚೊಂಬನ್ನು ತಂದು ನನ್ನ ಕೈಗಿಟ್ಟಿರಿ. ಅದೊಂದು ಮಾತ್ರ ಹಳದಿಯಾಗಿ ಹಾಗೇ ಇತ್ತು. 'ಇದನ್ನ ಮುಟ್ಟಕೂಡದು ಅಂತ ರಾಮಾಂಜಿನಪ್ಪಂಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಅಮ್ಮನ ಹೆಸರಿದೆಯಲ್ಲ' ಎಂದಿರಿ. ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು. ನಾನು ಚೀಲ ತುಂಬಿಕೊಂಡದ್ದು ಆಗ.

ಅದರ ಮೇಲೆ ಸೀತಾ ಎಂದು ಬರೆದಿದೆ. ಅದು ನನ್ನ ಹೆಸರು.

ಒಂದು ಸಲ ಮೆಲ್ಲಗೆ ಯೋಚಿಸಿ ನೋಡಿ. ನಾನು ಸೀತಾ ಆಗಿ ಹುಟ್ಟಿ, ಸೀತಾ ಆಗಿ ಬೆಳೆದು, ಸೀತಾ ಆಗಿಯೇ ಹಸೆಮಣೆಗೆ ಬಂದೆ. ಅತ್ತೆಯ ಹೆಸರೂ ಅದೇ ಆದದ್ದರಿಂದ ಒಂದೇ ಮನೆಯಲ್ಲಿ ಎರಡು ಸೀತಾ ಬೇಡ, ಹಿರಿಯರ ಹೆಸರು ಹಿಡಿದು ಸೊಸೆಯನ್ನು ಗದರುವುದು ಹೇಗೆ ಎಂದು ನಿಮ್ಮ ಕಡೆಯವರು ಹೇಳಿದರು. ತಟ್ಟೆಯಲ್ಲಿ ಅಕ್ಕಿ ಹರಡಿ ನಿಮ್ಮ ಕೈಗೆ ಉಂಗುರ ಕೊಟ್ಟರು. ಊರ್ಮಿಳಾ ಎಂದು ಬರೆದವರು ನೀವೇ. ಅಪ್ಪ ಅಷ್ಟರಲ್ಲಾಗಲೇ ಪಾತ್ರೆಗಳಿಗೆಲ್ಲ ಹೆಸರು ಕೆತ್ತಿಸಿಬಿಟ್ಟಿದ್ದರು. ಪಾಪ, ಎಲ್ಲರೆದುರಿಗೆ ಪೆಚ್ಚಾದರು. ಆ ಅಕ್ಕಿಯನ್ನು ಮಾರನೆಯ ದಿನ ಅಡುಗೆಗೆ ಹಾಕಿದರು, ನಾನೇ ತೊಳೆದದ್ದು.

ನೀವು ಮರೆತಿದ್ದೀರಿ. ಬೇಕೆಂದು ಮರೆತದ್ದಲ್ಲ, ಅದು ನಿಮಗೆ ನೆನಪಿಡುವಂಥ ವಿಷಯವೇ ಆಗಿರಲಿಲ್ಲ. ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸು ಕಳಿಸುವ ಇನ್‌ಸ್ಪೆಕ್ಷನ್ ಫೋರ್‌ಮನ್ ನೀವು! ವಾಸಂತಿಯ ಮದುವೆಯಲ್ಲಿ ಬೀಗರು ಹೆಸರು ಬದಲಾಯಿಸುತ್ತೇವೆ ಎಂದಾಗ ನಾನು ಊಟ ಬಿಟ್ಟು ಕೂತದ್ದು ಯಾಕೆಂದು ಈಗಲಾದರೂ ಗೊತ್ತಾಯಿತೇ? ಅವತ್ತು ಹಟಮಾರಿ ಎಂದಿರಿ. ಎಂದರೂ ಎನ್ನಿ, ನನ್ನ ಮಗಳು ಇವತ್ತಿಗೂ ವಾಸಂತಿಯೇ.

ಇನ್ನೂ ಒಂದು ಸಂಕಟವಿದೆ. ನನ್ನ ಹೆಸರು ಕಿತ್ತುಕೊಂಡು ಕೊಟ್ಟ ಆ ಹೊಸ ಹೆಸರನ್ನಾದರೂ ನೀವು ಎಂದಾದರೂ ಕರೆದಿದ್ದೀರಾ? ಇವಳೇ, ಲೇ, ಎಲ್ಲಿದೀಯೇ, ಅಷ್ಟೇ. ಊರ್ಮಿಳಾ ಎನ್ನುವವಳು ರೇಷನ್ ಕಾರ್ಡಿನಲ್ಲಿ ಸಕ್ಕರೆ ತರುತ್ತಾಳೆ. ಸೀತಾ ಎನ್ನುವವಳು ಚೊಂಬಿನ ಮೇಲೆ ಮಾತ್ರ ಇದ್ದಾಳೆ, ಬೇರೆಲ್ಲೂ ಇಲ್ಲ. ಅಪ್ಪನೂ ಹೋದರು. ಅದನ್ನು ಪುರೋಹಿತರ ಚೀಲಕ್ಕೆ ಹಾಕಿ, ಮೇಲೆ ದಕ್ಷಿಣೆ ಇಟ್ಟು, ಕೈ ಮುಗಿದು ಕಳಿಸಲು ಹೊರಟಿದ್ದೀರಿ.

ಇಲ್ಲಿ ನಾಣಿಯ ಮನೆ ಒಡತಿ ಕೃಷ್ಣಮ್ಮನಿಗೆ ನಾನು ಚೊಂಬನ್ನು ತಿಕ್ಕುತ್ತಾ ಕೂರುವುದು ಸೋಜಿಗ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆಗಳನ್ನು ಕಟ್ಟಿ ಎಲೆಕ್ಟ್ರಾನಿಕ್ ಸಿಟಿಯವರಿಗೆ ಬಾಡಿಗೆ ಕೊಟ್ಟವರು, ಒಳ್ಳೆಯ ಹೆಂಗಸು. 'ಇಂಗ್ಯಾಕಮ್ಮ ಅದನ್ನೇ ಇಡ್ಕಂಡು ಕುಂತಿದ್ದೀಯ? ಅಂತಾವು ನಮ್ಮಟ್ಟದ ಮ್ಯಾಗೆ ರಾಶಿ ಬಿದ್ದವೆ, ಬೇಕಾದ್ದ ಎತ್ಕೋ' ಎಂದರು. ಹೋಗಿ ನೋಡಿದೆ. ಧೂಳಿನಲ್ಲಿ ಒಂದು ಕಂಚಿನ ಬಟ್ಟಲು ಸಿಕ್ಕಿತು, ಅಡಿಯಲ್ಲಿ ಪುಟ್ಟತಾಯಮ್ಮ ಎಂದಿದೆ. ಅದು ಅವರ ಅತ್ತೆಯ ಅತ್ತೆಯಂತೆ. ಹೆಸರು ಓದಿ ಹೇಳಿದಾಗ ಕೃಷ್ಣಮ್ಮ ಬಟ್ಟಲನ್ನು ನನಗೆ ಕೊಡದೆ ಸೆರಗಿನಲ್ಲಿ ಒರೆಸಿ ತಾವೇ ಒಳಗೆ ತೆಗೆದುಕೊಂಡು ಹೋದರು. ನನಗೆ ಬೇಜಾರಾಗಲಿಲ್ಲ.

ನನಗೆ ಬೇಕಾದದ್ದು ಇಷ್ಟೇ. ದಾನಕ್ಕೆ ಪೇಟೆಯಿಂದ ಹೊಸ ಚೊಂಬು ತನ್ನಿ. ನನ್ನದು ನನಗಿರಲಿ. ಒಪ್ಪಿಗೆಯಾದರೆ ಒಂದು ಕಾರ್ಡು ಹಾಕಿ, ತಿಥಿಯ ಹಿಂದಿನ ದಿನವೇ ಬಂದು ಮಡಿಯಲ್ಲಿ ಎಲ್ಲ ಅಡುಗೆಯನ್ನೂ ಮಾಡುತ್ತೇನೆ, ಅತ್ತೆಗೆ ಪ್ರಿಯವಾದ ಗಸಗಸೆ ಪಾಯಸವೂ ಸೇರಿ. ಕಾರ್ಡಿನ ಮೇಲೆ ವಿಳಾಸ ಬರೆಯುವಾಗ ನಾಣಿಯ ಕೇರಾಫ್ ಎಂದು ಬರೆದು, ಅದರ ಮೇಲೆ ನನ್ನ ಹೆಸರನ್ನು ಪೂರ್ತಿಯಾಗಿ ಬರೆಯಿರಿ. ಯಾವ ಹೆಸರು ಎಂದು ನಾನು ಇನ್ನೊಮ್ಮೆ ಹೇಳುವುದಿಲ್ಲ.

ರಾತ್ರಿ ಹಾಲು ಕುಡಿಯುವುದನ್ನು ತಪ್ಪಿಸಬೇಡಿ. ಜಜ್ಜಿದ ಬೆರಳಿಗೆ ಅರಿಶಿನದೆಣ್ಣೆ ಹಚ್ಚಿ.

ಇಂತಿ,
ಸೀತಾ

ವಿ.ಸೂ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ಹೇಳಬಾರದು ಎಂದುಕೊಂಡಿದ್ದೆ, ಆದರೆ ಹೊಸ ಚೊಂಬಿನ ಮೇಲೆ ನೀವು ಅಮ್ಮನ ಹೆಸರು ಕೆತ್ತಿಸಲು ಹೋಗುತ್ತೀರಿ, ಆಗ ಮತ್ತೆ ತಪ್ಪಾಗುತ್ತದೆ. ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ವಾರ, ಆ ಚೊಂಬಿನಿಂದ ನಾನು ನೀರು ಕುಡಿಸುತ್ತಿದ್ದಾಗ ಅವರು ಅಕ್ಷರಗಳ ಮೇಲೆ ಬೆರಳಾಡಿಸಿದರು. 'ಇದು ನಿಂದು ಕಣೇ, ನನಗೆ ಗೊತ್ತು. ನಂದೂ ಇದಲ್ಲ. ಮಾವನೋರು ತಮ್ಮ ಮಗನ ಹೆಸರು ರಾಮಸ್ವಾಮಿ ಅಲ್ವಾ, ಅದಕ್ಕೆ ಹೊಂದಿಕೆಯಾಗ್ಲಿ ಅಂತ ನಂಗೆ ಸೀತಾ ಅಂತಿಟ್ರು. ನಮ್ಮಪ್ಪ ಇಟ್ಟಿದ್ದು ಕಾಮಾಕ್ಷಿ' ಎಂದರು. ಇವರಿಗೆ ಗೊತ್ತಿದೆಯೇ ಎಂದು ನಿಮ್ಮ ವಿಷಯವಾಗಿ ಕೇಳಿದೆ. ಇನ್ನೊಂದು ಗುಟುಕು ನೀರು ಕುಡಿದು, 'ಅವನು ಯಾವತ್ತೂ ಕೇಳ್ಲಿಲ್ಲ' ಎಂದರು.