ರಾಣಿಯ ಹಿಂದೆ ಬಂದ ಎಲೆ

ಕುಸುಮಕ್ಕನಿಗೆ ನಿನ್ನ ತಂಗಿ ಸರಸಳ ನಮಸ್ಕಾರ.

ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ ಎನ್ನುವ ಸಾಲನ್ನು ಮಾತ್ರ ಈ ಸಲ ಬಿಟ್ಟಿದ್ದೇನೆ. ಬರೆಯುವ ಹಾಗಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ? ಇಷ್ಟು ಹೊತ್ತಿಗೆ ನಾಲ್ಕು ಕಾಗದ ಬಂದಿರುತ್ತಿತ್ತು, ನಾಲ್ಕರಲ್ಲೂ ನನಗೆ ಬೈಗುಳ. ಇವತ್ತು ಕೂತದ್ದು ನಮ್ಮ ಭಾನುವಾರದ ಇಸ್ಪೀಟಿನ ಸುದ್ದಿ ಹೇಳಲು. ಅದರಲ್ಲಿ ನಿನ್ನ ಯಜಮಾನರ ಸುದ್ದಿಯೂ ಇದೆ.

ದಿಲ್ಲಿಯ ಓಖ್ಲಾದಲ್ಲಿ ಮಂಜು ಕವಿದ ಆ ದಿನವನ್ನು ನೀನು ಎಷ್ಟು ಸಲ ಹೇಳಿದ್ದೀಯೆಂದರೆ, ನಾನೂ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತಿದ್ದೆ ಅನ್ನಿಸುತ್ತದೆ. ಗಾರ್ಮೆಂಟ್ ಫ್ಯಾಕ್ಟರಿಯ ಸ್ಯಾಂಪಲ್ ರೂಮಿನಲ್ಲಿ ನೀನು, ನಿನ್ನ ಜೊತೆ ಕೆಲಸಕ್ಕಿದ್ದ ಧಾರವಾಡದ ಜುಬೇದಾ. ಶರ್ಟಿನ ಆರ್ಡರ್ ಕೊಡಲು ಬಂದಿದ್ದ ಪರದೇಶದ ಹೆಂಗಸಿನ ವಿಮಾನ ಹೊರಡಲಿಲ್ಲ. ಹೊತ್ತು ಹೋಗದೆ ಅವಳು ಬ್ಯಾಗಿನಿಂದ ಇಸ್ಪೀಟು ತೆಗೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಮ್ಮಿಬ್ಬರಿಗೂ ಈ ಆಟ ಕಲಿಸಿದಳು. ಪಣಕ್ಕೆ ದುಡ್ಡು ಬೇಡವೇ ಬೇಡ ಎಂದು ನೀನು ರಿಜೆಕ್ಟ್ ಆದ ಗುಂಡಿಗಳ ಡಬ್ಬಿಯನ್ನೇ ಎತ್ತಿ ಮಧ್ಯಕ್ಕಿಟ್ಟೆಯಂತೆ. ಬಣ್ಣ ಮಾಸಿದ್ದು, ಒಂದು ತೂತು ಕಡಿಮೆ ಇದ್ದದ್ದು, ಅಂಚು ಮುರಿದದ್ದು... ದಿಲ್ಲಿಯಲ್ಲಿ ದೀಪಾವಳಿಗೆ ಜನ ನೋಟು ಹಾಕಿ ಆಡಿದರೆ ನಾವು ಇಷ್ಟು ವರ್ಷವೂ ಗುಂಡಿ ಹಾಕಿಯೇ ಆಡಿದೆವು.

ಕರೋಲ್ ಬಾಗಿನ ನನ್ನ ಮನೆಯ ಚಾಪೆಯ ಮೇಲೆ ನೀನು ನನಗೆ ಕಲಿಸಿದ ಮಧ್ಯಾಹ್ನ ನೆನಪಿದೆಯಾ? ಎಲ್ಲರಿಗೂ ಏಳೇಳು ಎಲೆ. ಮೊದಲಿನ ಎರಡು ಕವುಚಿ, ಆಮೇಲಿನ ನಾಲ್ಕು ಎಲ್ಲರಿಗೂ ಕಾಣುವಂತೆ ತೆರೆದು, ಕೊನೆಯದು ಮತ್ತೆ ಕವುಚಿ. ಒಂದೊಂದು ಸುತ್ತು ತೆರೆದ ಎಲೆ ಬಿದ್ದಾಗಲೂ ಗುಂಡಿ ಇಡಬೇಕು. ಧೈರ್ಯವಿಲ್ಲದಿದ್ದರೆ ಎಲೆ ಮಗುಚಿ ಆಟ ಬಿಡಬೇಕು. ಕೊನೆಗೆ ಏಳರಲ್ಲಿ ಒಳ್ಳೆಯ ಐದನ್ನು ಆರಿಸಿ ತೋರಿಸುವುದು. ಒಂದು ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಅಂಕಿಯ ಮೂರು ದೊಡ್ಡದು, ಹೀಗೆ ಮೇಲೆ ಮೇಲೆ. ‘ಇಷ್ಟೇನಾ?’ ಎಂದು ನಾನು ಕೇಳಿದ್ದಕ್ಕೆ ನೀನು ‘ಇಷ್ಟೇ ಆಗಿದ್ರೆ ನಾನ್ಯಾಕೆ ಬಸ್ಸು ಹತ್ಕೊಂಡು ಬರ್ತಿದ್ದೆ? ರಾಣಿ ಬೀಳ್ಲಿ, ಇರು’ ಎಂದಿದ್ದೆ. ತೆರೆದ ಎಲೆಗಳಲ್ಲಿ ರಾಣಿ ಬಿದ್ದಳೋ, ಅವಳ ಹಿಂದೆ ಯಾವ ತೆರೆದ ಎಲೆ ಬರುತ್ತದೋ ಆ ಅಂಕಿಯದೆಲ್ಲ ಜೋಕರ್. ಇನ್ನೊಬ್ಬ ರಾಣಿ ಬಿದ್ದಳೋ, ಹಳೆಯ ಜೋಕರ್ ಸತ್ತು ಮಾಮೂಲಿ ಎಲೆಯಾಯಿತು. ಹೊಸಬಳ ಹಿಂದೆ ಬಂದದ್ದೇ ಜೋಕರ್. ಈ ಕ್ಷಣ ಶ್ರೀಮಂತೆ, ಮುಂದಿನ ಎಲೆಗೆ ಭಿಕಾರಿ. ನೀನು ಎಷ್ಟು ನಗುತ್ತಿದ್ದೆ!

ನೀವು ಗುರುಗ್ರಾಮದ ಹನ್ನೊಂದನೆಯ ಮಹಡಿಗೆ ಹೋದ ಮೇಲೆ ಆಟವೂ ಅಲ್ಲಿಗೇ ಹೋಯಿತು. ನಾವು ಮೂವರು ಮೇಜಿನ ಸುತ್ತ. ಭಾವ ಬಾಲ್ಕನಿಯ ಬಾಗಿಲ ಹತ್ತಿರ ಪೇಪರ್ ಹಿಡಿದುಕೊಂಡು. ಆಗಾಗ ಎದ್ದು ನಮಗೆ ಚಹಾ ಮಾಡಿಕೊಡುತ್ತಿದ್ದರು, ಮತ್ತೆ ಪೇಪರಿನ ಹಿಂದೆ. ‘ನೀವೂ ಬನ್ನಿ ಭಾವ’ ಎಂದರೆ, ‘ನನಗೆ ರಮ್ಮಿ ಬಿಟ್ರೆ ಬೇರೆ ಬರಲ್ಲಮ್ಮಾ’ ಅನ್ನುವುದು. ಅವರಿಲ್ಲದೆ ನಮಗೇನು ಕೊರತೆ ಅಂತ ನಾವೂ...

ನಿನ್ನ ತಿಥಿ ಮುಗಿದ ಮೇಲೆ ಮೊದಲನೆಯ ಭಾನುವಾರ ನಾನೂ ಜುಬೇದಾನೂ ಹೋದೆವು. ಭಾವ ಬಾಗಿಲು ತೆಗೆದು, ಕೂರಿಸಿ, ಚಹಾ ಕೊಟ್ಟು ಕೋಣೆಗೆ ಹೋಗಿಬಿಟ್ಟರು. ಮುಂದಿನ ವಾರವೂ ಹಾಗೇ. ಪೇಪರ್ ಮಡಿಕೆ ಬಿಚ್ಚದೆ ಬಿದ್ದಿತ್ತು. ಸಂಜೆ ಕೆಳಗಿನ ಪಾರ್ಕಿಗೂ ಇಳಿಯುತ್ತಿಲ್ಲ ಎಂದು ಗೇಟಿನ ಗಾರ್ಡ್ ಭಯ್ಯಾ ನನ್ನ ಹತ್ತಿರ ಹೇಳಿದ. ಇಬ್ಬರೇ ಆಡಿದರೆ ಈ ಆಟದಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ, ನಿನಗೇ ಗೊತ್ತು. ಆಟ ನಿಂತರೆ ನಾವು ಪ್ರತಿ ವಾರ ಅಲ್ಲಿಗೆ ಹೋಗುವುದಕ್ಕೆ ಏನು ನೆಪ? ನಾವೂ ಹೋಗದಿದ್ದರೆ ಅವರು ಆ ಕೋಣೆಯಿಂದ ಹೊರಗೆ ಬರುವುದಾದರೂ ಯಾತಕ್ಕೆ? ಮೆಟ್ರೋದಲ್ಲಿ ವಾಪಸು ಬರುವಾಗ ಜುಬೇದಾ ಹೇಳಿದಳು: ‘ಸರಸಕ್ಕಾ, ಅಣ್ಣಾರನ್ನ ಆಟಕ್ಕ ಎಳಿಯೋಣು. ಇಲ್ಲಂದ್ರ ಅವರು ಕೈ ತಪ್ಪಿ ಹೋಗ್ತಾರ ನೋಡು.’

ಮೂರನೆಯ ಭಾನುವಾರ ಅವರನ್ನು ಮೇಜಿಗೆ ಕರೆತಂದದ್ದು ನನ್ನ ಸುಳ್ಳು. ಜುಬೇದಾಗೆ ಮನೆಯಲ್ಲಿ ಬೇಜಾರು, ಅವಳಿಗೋಸ್ಕರ ಒಂದೆರಡು ಆಟ ಆಡಿ ಎಂದೆ. ಜುಬೇದಾ ಕೂಡಲೇ ಮುಖ ಸಣ್ಣದು ಮಾಡಿ ಕೂತಳು. ಭಾವನ ಅವಸ್ಥೆ ನೀನು ನೋಡಬೇಕಿತ್ತು! ಜೀವಮಾನವಿಡೀ ರಮ್ಮಿ ಆಡಿದ ಕೈ. ತೆರೆದು ಹಾಕಿದ ಎಲೆಯನ್ನೂ ಗಬಕ್ಕನೆ ಎತ್ತಿಕೊಂಡು, ಉಳಿದವುಗಳ ಜೊತೆ ಜೋಡಿಸಿ, ಎದೆಗೆ ಅವುಚಿಕೊಳ್ಳುವರು. ‘ಅದು ಎಲ್ಲರಿಗೂ ಕಾಣ್ಬೇಕು ಭಾವ, ಕೆಳಗಿಡಿ.’ ‘ಕಂಡ್ರೆ ನಂದೇನಮ್ಮಾ ಉಳೀತು?’ ‘ಕವುಚಿದ್ದು ಉಳೀತಲ್ಲಾ!’ ‘ಅಚ್ಛಾ, ಹಾಗೋ...’ ಎನ್ನುತ್ತ ಇಡುವರು. ಮುಂದಿನ ಸುತ್ತಿಗೆ ಮತ್ತೆ ಎತ್ತಿಕೊಳ್ಳುವರು.

ಆ ಮಧ್ಯಾಹ್ನ ನಾವಿಬ್ಬರೂ ಒಂದು ಜಾಣತನ ಮಾಡಿದೆವು. ಮಾತಾಡಿಕೊಂಡಿರಲಿಲ್ಲ, ಕಣ್ಣಲ್ಲೇ ಆಯಿತು. ಅವರು ಗುಂಡಿ ಮುಂದಿಟ್ಟರೆ ಸಾಕು, ನಾವು ಎಲೆ ಮಗುಚುವುದು. ಅವರ ಮುಂದೆ ಗುಂಡಿಯ ಗುಡ್ಡೆ ಬೆಳೆಯುತ್ತಿತ್ತು, ಮುಖವೂ ಸ್ವಲ್ಪ ಅರಳುತ್ತಿತ್ತು. ನಾವು ಗೆದ್ದೆವು ಅಂದುಕೊಂಡೆ ನಾನು. ಆಮೇಲೆ ಒಂದು ಆಟದಲ್ಲಿ ರಾಣಿಯೇ ಬೀಳಲಿಲ್ಲ, ಹಾಗಾಗಿ ಜೋಕರ್ ಇಲ್ಲ. ಭಾವನ ಮುಂದೆ ತೆರೆದಿದ್ದದ್ದು ಎರಡು, ನಾಲ್ಕು, ಏಳು, ಒಂಬತ್ತು, ಒಂದಕ್ಕೊಂದು ಸಂಬಂಧವಿಲ್ಲ. ನನ್ನ ಮುಂದೆ ಹತ್ತರ ಜೋಡಿ. ಜುಬೇದಾಳ ಮುಂದೆ ಎರಡು ರಾಜರು ಮೆರೆಯುತ್ತ ಕೂತಿದ್ದರು. ಭಾವ ಒಂದು ಬಿಳಿ ಗುಂಡಿ ಸರಿಸಿದರು. ನಾನು ಬಿಟ್ಟೆ. ‘ನಂದೂ ಏನಿಲ್ಲ ತಗೋರಿ’ ಎಂದು ಜುಬೇದಾ ರಾಜರನ್ನು ಮಗುಚಿದಳು.

ಭಾವ ಗುಂಡಿಗೆ ಕೈ ಹಾಕಲಿಲ್ಲ. ಮಗುಚಿದ ಎಲೆಗಳನ್ನು ಒಂದೊಂದಾಗಿ ಮತ್ತೆ ತಿರುಗಿಸಿದರು. ಆಮೇಲೆ ತಮ್ಮ ಕವುಚಿದ ಮೂರನ್ನೂ ತಿರುಗಿಸಿ ತೋರಿಸಿದರು. ಒಂದು ಜೋಡಿ ಕೂಡ ಇರಲಿಲ್ಲ.

‘ಎರಡು ರಾಜ ಇಟ್ಕೊಂಡು ಇದಕ್ಕೆ ಹೆದರಿದ್ರಾ ಜುಬೇದಾ ಅವ್ರೇ?’

ಜುಬೇದಾ ರಾಜರನ್ನು ಕಟ್ಟಿನೊಳಗೆ ಸೇರಿಸತೊಡಗಿದಳು.

‘ಕುಸುಮಾ ಇಷ್ಟು ವರ್ಷದಲ್ಲಿ ಒಂದು ದಿನ ನನ್ನನ್ನ ಪಾಪ ಅಂದವಳಲ್ಲ. ನೀವಿಬ್ರೂ ಸೇರಿ ಶುರು ಮಾಡಿದ್ರಾ?’

ಎದ್ದು ಕೋಣೆಗೆ ಹೋದರು. ಬಾಗಿಲನ್ನು ದಢಾರನೆ ಹಾಕಲಿಲ್ಲ, ಮೆಲ್ಲಗೆ ಹಾಕಿಕೊಂಡರು. ಅದೇ ನನಗೆ ಹೆದರಿಕೆಯಾದದ್ದು.

ಯಾವ ಆಟದಲ್ಲಾದರೂ ಕದ್ದು ಸೋಲಬಹುದು ಅಕ್ಕಾ, ಅರ್ಧಕ್ಕರ್ಧ ಎಲೆ ತೆರೆದಿಟ್ಟು ಆಡುವ ಈ ಆಟದಲ್ಲಿ ಆಗುತ್ತದೆಯೇ? ಇಷ್ಟು ವರ್ಷ ಆಡಿದ ನಮಗೆ ಇದು ಹೊಳೆಯಲಿಲ್ಲವಲ್ಲ! ನಾನು ಚಪ್ಪಲಿ ಹಾಕಿಕೊಳ್ಳಲು ಹೊರಟೆ. ಇನ್ನು ಮುಂದಿನ ವಾರ ಯಾವ ಮುಖ ಹೊತ್ತು ಬರುವುದು? ಜುಬೇದಾ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಇದ್ದಲ್ಲಿಂದಲೇ ಧಾರವಾಡದ ಗಂಟಲು ತೆಗೆದಳು:

‘ಅಲ್ರೀ ಅಣ್ಣಾರ, ತಪ್ಪಾತು. ಬರ್ರಿ ಹೊರಗ. ಈ ಸಲ ನಿಮ್ಮ ಮುಂದ ಒಂದ ಗುಂಡಿ ಉಳಿಸಿದ್ರ ನನ್ನ ಹೆಸರು ಜುಬೇದಾ ಅಲ್ಲ!’

ಡಬ್ಬಿಯ ಗುಂಡಿಗಳನ್ನು ಗಲಗಲನೆ ಕುಲುಕಿ ಮತ್ತೆ ಕೂಗಿದಳು:

‘ಹೆದರಿಕಿ ಬಂತೇನ್ರೀ?’

ಬಾಗಿಲು ತೆರೆಯಿತು. ‘ಹಂಚಿ’ ಎಂದರು ಭಾವ. ಅಷ್ಟೇ.

ಆ ಆಟವನ್ನು ನಿನಗೆ ಎಲೆ ಎಲೆಯಾಗಿ ಹೇಳಬೇಕು. ಜುಬೇದಾ ಹಂಚಿದಳು, ಮೊದಲು ನನಗೆ, ಆಮೇಲೆ ಭಾವನಿಗೆ, ಆಮೇಲೆ ತನಗೆ. ಎರಡನೆಯ ತೆರೆದ ಸುತ್ತಿನಲ್ಲಿ ನನಗೆ ಆಟೀನ್ ರಾಣಿ ಬಿದ್ದಳು. ಅವಳ ಹಿಂದೆಯೇ ಭಾವನಿಗೆ ಆರು. ಈಗ ಆರೇ ಜೋಕರ್! ಅವರು ಕವುಚಿದ ಎಲೆಯ ತುದಿ ಎತ್ತಿ ನೋಡಿಕೊಂಡರು, ಕಿವಿ ಕೆಂಪಗಾಯಿತು. ಒಳಗೂ ಒಂದು ಆರು ಇತ್ತಂತೆ. ಗುಡ್ಡೆಯಲ್ಲಿ ಅರ್ಧವನ್ನು ಮುಂದೆ ನೂಕಿದರು. ಕೊನೆಯ ತೆರೆದ ಸುತ್ತು ಬಂತು. ನನಗೆ ಹತ್ತು. ಭಾವನಿಗೆ... ಕಳಾವರ್ ರಾಣಿ. ಅವರ ರಾಣಿಯೇ ಅವರ ಆರುಗಳನ್ನು ಕೊಂದಳು. ಜುಬೇದಾ ತನಗೆ ಹಾಕಿಕೊಂಡದ್ದು ಒಂಬತ್ತು. ಈಗ ಜೋಕರ್ ಅವಳದು. ನನ್ನ ಕೈಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ, ಬಿಟ್ಟೆ. ಜುಬೇದಾ ಕರುಣೆಯಿಲ್ಲದೆ ಗುಂಡಿ ಏರಿಸಿದಳು. ಭಾವ ಬಿಡಲಿಲ್ಲ, ಉಳಿದದ್ದನ್ನೆಲ್ಲ ಇಟ್ಟರು. ಕೊನೆಯ ಎಲೆಯೂ ಅವರಿಗೆ ಕೈಕೊಟ್ಟಿತು. ತೋರಿಸಿದರೆ ಇವರದು ಬರೀ ಆರರ ಜೋಡಿ. ಅವಳದು ತೆರೆದ ರಾಜ, ಕವುಚಿದ ರಾಜ, ಜೋಕರ್ ಸೇರಿ ಮೂರು ರಾಜರು. ಎರಡೂ ಕೈಯಿಂದ ಬಾಚಿಕೊಂಡಳು ಅಕ್ಕಾ, ಒಂದು ಗುಂಡಿಯನ್ನೂ ಬಿಡಲಿಲ್ಲ.

ಭಾವ ಬರಿದಾದ ತಮ್ಮ ಮುಂದಿನ ಜಾಗವನ್ನು ನೋಡಿದರು, ಆಮೇಲೆ ತಮ್ಮ ಎದೆಯನ್ನು ನೋಡಿಕೊಂಡರು. ‘ಹಂಚಿ, ಹಂಚಿ. ಈ ಅಂಗೀಲಿ ಇನ್ನೂ ಐದು ಗುಂಡಿ ಇವೆ’ ಎಂದರು. ಜುಬೇದಾ ನಕ್ಕ ರಭಸಕ್ಕೆ ಪಕ್ಕದ ಫ್ಲಾಟಿನವರು ಏನಾಯಿತೆಂದು ಬೆಲ್ ಮಾಡಿದರು.

ಅದಾದ ಮೇಲಿನ ವಾರಗಳಲ್ಲಿ ನಮಗೆ ಇನ್ನೊಂದು ವಿಷಯ ತಿಳಿಯಿತು. ಭಾವ ಗೆಲ್ಲತೊಡಗಿದರು, ನಿಜವಾಗಿಯೇ. ಒಳ್ಳೆಯ ಎಲೆ ಬಂದರೆ ಜುಬೇದಾ ಕನ್ನಡಕ ತೆಗೆದಿಡುತ್ತಾಳಂತೆ. ಕೈಯಲ್ಲಿ ಏನೂ ಇಲ್ಲದೆ ಗುಂಡಿ ಏರಿಸುವಾಗ ನಾನು ಸೆರಗು ಸರಿಮಾಡಿಕೊಳ್ಳುತ್ತೇನಂತೆ. ‘ನಿಮ್ಗ ಇದೆಲ್ಲಾ ಹೆಂಗ ಗೊತ್ರೀ?’ ಎಂದು ಜುಬೇದಾ ಕೇಳಿದರೆ, ‘ಇಷ್ಟು ವರ್ಷ ಪೇಪರಲ್ಲಿ ಏನು ಬಂದಿತ್ತು ಅಂತ ನೀವು ಒಂದಿನವಾದ್ರೂ ನನ್ನ ಕೇಳಿದ್ರಾ?’ ಅಂದರು! ಪೇಪರಿನ ಮರೆಯಿಂದ ನೋಡಿದ್ದು ನಮ್ಮನ್ನಂತೆ, ಎಲೆಗಳನ್ನಲ್ಲ. ನಿನ್ನ ಗುಟ್ಟು ಯಾವುದು ಎಂದು ಇಬ್ಬರೂ ಪೀಡಿಸಿದೆವು. ಬಾಯಿ ಬಿಡಲಿಲ್ಲ. ‘ಅದು ಗಂಡ ಹೆಂಡ್ತಿ ವಿಷಯ’ ಎಂದು ಎಲೆ ಕಲೆಸುತ್ತ ಕೂತರು. ಯಾವುದಕ್ಕಾ ಅದು? ನನಗಾದರೂ ಹೇಳಬಾರದಿತ್ತಾ?

ಇವತ್ತು ಬುಧವಾರ. ಬೆಳಿಗ್ಗೆ ಬಟ್ಟೆ ನೆನೆಸುತ್ತಿದ್ದಾಗ ಫೋನ್ ಬಂತು. ತಾವಾಗಿ ಯಾರಿಗೂ ಫೋನ್ ಮಾಡದ ಮನುಷ್ಯ.

‘ಸರಸಾ, ಈ ಭಾನುವಾರ ಬಹಳ ದೂರ ಆಯ್ತು ಅನ್ನಿಸಲ್ವಾ ನಿನಗೆ?’

‘ಬಟ್ಟೆ ನೆನೆಸಿದೀನಿ ಭಾವ.’

‘ನೆನೀಲಿ ಬಿಡು. ಜುಬೇದಾ ಆಗ್ಲೇ ಹೊರಟಾಯ್ತು. ನೀನೂ ಬಾ.’

ಬಟ್ಟೆ ಬಕೆಟ್ಟಿನಲ್ಲೇ ಇದೆ. ಹೊರಡುವ ಮೊದಲು ನಿನಗೆ ನಾಲ್ಕು ಸಾಲು ಬರೆಯೋಣವೆಂದು ಕೂತರೆ ಇಷ್ಟುದ್ದ ಆಯಿತು. ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತೆಲ್ಲ ನಾನು ಹೇಳುವುದಿಲ್ಲ. ಅವರಿಗೆ ಅದು ಸೇರುವುದೂ ಇಲ್ಲ. ಒಂದೇ ಒಂದು ಮಾತು ಕೊಡುತ್ತೇನೆ. ನನ್ನ ಕೈಯಲ್ಲಿ ಎಲೆ ಹಿಡಿಯುವ ಶಕ್ತಿ ಇರುವ ತನಕ, ನಿನ್ನ ಗಂಡನಿಗೆ ನನ್ನಿಂದ ಒಂದು ಆಟವೂ ಪುಕ್ಕಟೆ ಸಿಗುವುದಿಲ್ಲ.

ನಿನ್ನ
ಸರಸ