ಎಂಟೂ ಬೋಗಿ ಓಡಿದ ದಿನ

ಮಾರ್ಚ್ ೧೨, ಗುರುವಾರ.

ಚಾಲಕರ ತರಬೇತಿಗೆಂದು ನಾವು ಕಂಪ್ಯೂಟರಿನಲ್ಲಿ ಕಟ್ಟಿದ ರೈಲು ಮೂರು ವಾರದಿಂದ ತೆವಳುತ್ತಿತ್ತು. "ಐದು ಬೋಗಿ ಕಿತ್ತುಹಾಕಿ ಮೇಡಂ, ಮೂರು ಸಾಕು" ಎಂದು ಮ್ಯಾನೇಜರ್ ಬೆಳಿಗ್ಗೆ ತೀರ್ಪು ಕೊಟ್ಟೇಬಿಟ್ಟ. ಸಂಜೆಯವರೆಗೆ ಸಮಯ ಕೇಳಿದೆ.

ತಪ್ಪು ನನ್ನದೇ. ಒಂದೊಂದು ಸೀಟನ್ನೂ ಬೇರೆ ವಸ್ತುವಾಗಿ ಮಾಡಿ ಬೋಗಿಗೆ ಬೆಸೆದಿದ್ದೆ. ಬೆಸೆದದ್ದು ಅಲ್ಲಾಡುವುದಿಲ್ಲ, ಅದಕ್ಕೇನು ಲೆಕ್ಕ ಅಂದುಕೊಂಡಿದ್ದೆ. ಕಂಪ್ಯೂಟರು ಸಂಶಯದ ಪ್ರಾಣಿ. ಐನೂರ ಹನ್ನೆರಡು ಬೆಸುಗೆಯೂ ಗಟ್ಟಿಯಿದೆಯೇ ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿತ್ತು. ಸೀಟುಗಳನ್ನೆಲ್ಲ ಬೋಗಿಯ ಮೈಯೊಳಗೇ ಸೇರಿಸಿ ಒಂದೇ ವಸ್ತು ಮಾಡಿದೆ. ಬೋಗಿ ಬೋಗಿಯ ನಡುವಿನ ಕೊಂಡಿಗಳನ್ನು ಮಾತ್ರ ಉಳಿಸಿದೆ.

ಸೀಟಿಗೇಕೆ ಕೀಲು?
ಓಡಿತು ನೋಡು ರೈಲು!

(ಪ್ರಾಸಕ್ಕಾಗಿ ಬೆಸುಗೆ ಕೀಲಾಯಿತು.)

ತರಬೇತಿ ಕೊಡುವ ಹಿರಿಯ ಚಾಲಕರು ಸಂಜೆ ಬಂದು, ಪರದೆಯ ಮೇಲೆ ರೈಲು ಓಡಿಸಿ ಬ್ರೇಕ್ ಹಾಕಿದರು. ಅದರ ಕುಲುಕು ಒಂದೊಂದೇ ಕೊಂಡಿ ದಾಟಿ ಎಂಟನೆಯ ಬೋಗಿಯವರೆಗೂ ಹೋಯಿತು.

"ಕಲಿಯೋರಿಗೆ ಗೊತ್ತಾಗಬೇಕಾದ್ದು ಇದೇ ತಾಯಿ. ಮೂರು ಬೋಗಿಯಲ್ಲಿ ಇದೆಲ್ಲಿ ಸಿಗುತ್ತೆ?" ಅಂದರು.

"ನಾನೂ ಅದನ್ನೇ ಹೇಳ್ತಿದ್ದೆ" ಅಂದ ಮ್ಯಾನೇಜರ್.

ಹೇಳಲಿ, ಪಾಪ. ಇವತ್ತು ನನಗೆ ಯಾರ ಮೇಲೂ ಸಿಟ್ಟಿಲ್ಲ. ಮಲಗಬೇಕು, ಆದರೆ ಕಣ್ಣು ಮುಚ್ಚಿದರೆ ಆ ಕೊನೆಯ ಬೋಗಿ ಕುಲುಕಿ ನಿಲ್ಲುವುದೇ ಕಾಣುತ್ತದೆ. ಇನ್ನೊಂದೇ ಒಂದು ಸಲ ಓಡಿಸಿ ನೋಡಿ ಮಲಗುತ್ತೇನೆ.